ಕೇಳುವ ಮೊದಲೇ ಬಂದ ಉತ್ತರ

ಪ್ರತಿ ಗುರುವಾರ ಸಂಜೆ ಆರೂವರೆಗೆ ಕಮಲಗುಡ್ಡದ ಜನ ಟಿ.ವಿ. ಮುಂದೆ ಕೂರುತ್ತಿದ್ದುದು ಊರಿನಲ್ಲಿ ಏನಾಯಿತೆಂದು ತಿಳಿಯಲಿಕ್ಕಲ್ಲ, ತಾವು ಏನು ಹೇಳಿದ್ದೇವೆಂದು ತಿಳಿಯಲಿಕ್ಕೆ.

‘ಸೀಮೆವಾರ್ತೆ’ ವಾಹಿನಿಯವರು ಯಾರ ಮನೆ ಬಾಗಿಲಿಗೂ ಬರುತ್ತಿರಲಿಲ್ಲ. ಅವರ ಹತ್ತಿರ ಅನುವಾಣಿ ಇತ್ತು. ಒಬ್ಬ ಮನುಷ್ಯ ಹತ್ತು ವರ್ಷ ಫೋನಿನಲ್ಲಿ ಆಡಿದ ಮಾತು, ಸಹಾಯವಾಣಿಗೆ ಕೊಟ್ಟ ದೂರು, ಅಂಗಡಿಯ ಯಂತ್ರಕ್ಕೆ ಹೇಳಿದ ಸಾಮಾನಿನ ಪಟ್ಟಿ, ಇವೆಲ್ಲವನ್ನೂ ಅರೆದು ಅದು ಆ ಮನುಷ್ಯನ ಮಾತಿನ ಅಚ್ಚೊಂದನ್ನು ಮಾಡಿಟ್ಟುಕೊಳ್ಳುತ್ತಿತ್ತು. ಆ ಅಚ್ಚಿಗೆ ಪ್ರಶ್ನೆ ಹಾಕಿದರೆ ಅವನು ಏನು ಹೇಳಬಹುದೋ ಅದನ್ನು ಅವನದೇ ಮುಖದಲ್ಲಿ, ಅವನದೇ ದನಿಯಲ್ಲಿ ಹೇಳಿಬಿಡುತ್ತಿತ್ತು. ಪರದೆಯ ಮೂಲೆಯಲ್ಲಿ ‘ಸಂಭಾವ್ಯ’ ಎಂಬ ಸಣ್ಣ ಅಕ್ಷರಗಳು ಇರುತ್ತಿದ್ದವು. ಕಾನೂನಿಗೆ ಅಷ್ಟು ಸಾಕಾಗಿತ್ತು. ಜನರಿಗೂ ರೂಢಿಯಾಗಿತ್ತು. “ಅಬಾಬಾ, ನಾ ಇಷ್ಟ್ ಚಂದ ಮಾತಾಡ್ತೀನೇನು!” ಎಂದು ಹೂವಿನಂಗಡಿಯವನು ನಕ್ಕಿದ್ದ. ಮರುದಿನದಿಂದ ಅವನು ಅದೇ ಮಾತನ್ನು ಗಿರಾಕಿಗಳ ಮುಂದೆ ಹೇಳತೊಡಗಿದ್ದ.

ಊರಿನ ಪದವಿ ಕಾಲೇಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಮಾಧ್ಯಮ ಪಾಠ ಹೇಳುತ್ತಿದ್ದ ರೋಹಿಣಿ ಸಜ್ಜನ ಅನುವಾಣಿಯ ವಿರೋಧಿಯೇನಲ್ಲ. ಕಾಲೇಜಿನ ಪ್ರಯೋಗಾಲಯಕ್ಕೆ ಅದನ್ನು ತರಿಸಿದ್ದೇ ಅವಳು. ವಿದ್ಯಾರ್ಥಿಗಳು ಯಂತ್ರದಿಂದ ಬರೆಸಿದರೆ ಅವಳು ಅಂಕ ಕಡಿಯುತ್ತಿರಲಿಲ್ಲ, ಬರೆಸಿದ್ದನ್ನು ಮುಚ್ಚಿಟ್ಟರೆ ಕಡಿಯುತ್ತಿದ್ದಳು. ಪ್ರತಿಯೊಂದು ವರದಿಯ ಕೆಳಗೂ ಅವರು ಒಂದು ‘ಬಳಕೆ ಚೀಟಿ’ ಅಂಟಿಸಬೇಕಾಗಿತ್ತು. ಯಂತ್ರವನ್ನು ಏನು ಕೇಳಿದೆ, ಅದು ಏನು ಕೊಟ್ಟಿತು, ಅದನ್ನು ನಾನು ಯಾರ ಹತ್ತಿರ ಹೋಗಿ ತಾಳೆ ನೋಡಿದೆ. ಮೂರನೆಯ ಸಾಲು ಖಾಲಿ ಇದ್ದರೆ ವರದಿ ಹಾಗೇ ವಾಪಸ್ ಬರುತ್ತಿತ್ತು. “ಮೇಡಮ್ಮಾರ್ ಚೀಟಿ” ಎಂದು ಹುಡುಗರು ಗೊಣಗುತ್ತಿದ್ದರು, ಗೊಣಗುತ್ತಲೇ ತುಂಬುತ್ತಿದ್ದರು.

ಫೆಬ್ರವರಿಯ ಮೊದಲ ವಾರ ಪ್ರಾಚಾರ್ಯ ಹಂಚಿನಾಳರು ಅವಳನ್ನು ಕರೆಸಿದರು. ಮೇಜಿನ ಮೇಲೆ ಪಠ್ಯಕ್ರಮ ಸಮಿತಿಯ ಪತ್ರವಿತ್ತು.

“ಮೇಡಮ್, ಮುಂದಿನ ವರ್ಷದಿಂದ ಕ್ಷೇತ್ರ ವರದಿ ಪೇಪರ್ ತೆಗೀತಾರಂತ. ಅದರ ಬದಲಿ ಅನುವಾಣಿ ಪ್ರಯೋಗಾಲಯ,” ಎಂದರು. “ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ಅದರ ಕರಾರುವಾಕ್ಕುತನ ನೂರಕ್ಕ ತೊಂಬತ್ತೇಳು ಅಂತ. ಹಂಗಿದ್ದಮ್ಯಾಲ ಮಕ್ಕಳನ್ನ ಬಿಸಿಲಾಗ ಯಾಕ ತಿರಗಸೂದು?”

“ತೊಂಬತ್ತೇಳು ಅಂತ ಹ್ಯಾಂಗ ಅಳದಾರ್ರಿ ಸರ್?”

“ಅದೆಲ್ಲಾ ಹಾಕ್ಯಾರ ನೋಡ್ರಿ. ಸುದ್ದಿ ಬಂದಮ್ಯಾಲ ಆ ಜನಕ್ಕ ಫೋನ್ ಮಾಡಿ, ಇದು ನಿಮ್ಮ ಅಭಿಪ್ರಾಯ ಹೌದೋ ಅಲ್ಲೋ ಅಂತ ಕೇಳ್ಯಾರ. ನೂರು ಮಂದ್ಯಾಗ ತೊಂಬತ್ತೇಳು ಮಂದಿ ಹೌದು ಅಂದಾರ.”

ಅವಳಿಗೆ ಏನೋ ಸರಿ ಬರಲಿಲ್ಲ. ಆದರೆ ಏನೆಂದು ಹೇಳಲು ಬಾರದೆ ಪತ್ರದ ಪ್ರತಿಯೊಂದನ್ನು ಇಸಿದುಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅವ್ವ ಇದ್ದಳು. ಗೌರವ್ವ ಟೀಚರ್ ಮೂವತ್ತು ವರ್ಷ ಒಂದನೆಯ ತರಗತಿಗೆ ಅಕ್ಷರ ಕಲಿಸಿದವಳು. ಎರಡು ವರ್ಷದ ಹಿಂದೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಸೋತಿತ್ತು, ಮಾತು ಹೋಗಿತ್ತು. ಎಲ್ಲವೂ ತಿಳಿಯುತ್ತಿತ್ತು. ಬಹಳ ತಿಣುಕಿದರೆ ಒಂದೆರಡು ಶಬ್ದ, ಅದಕ್ಕಿಂತ ಹೆಚ್ಚು ತುಟಿಗೆ ಬರುತ್ತಿರಲಿಲ್ಲ. ಅನುವಾಣಿಯನ್ನು ಮೊದಲು ಮಾಡಿದ್ದೇ ಇಂಥವರಿಗಾಗಿ. ಹಾಸಿಗೆಯ ಪಕ್ಕ ಕೈಯಗಲದ ಹಲಗೆಯೊಂದಿತ್ತು. ಅವ್ವ ಅದರ ಕಡೆ ನೋಡಿದರೆ ಸಾಕು, ಹೊತ್ತು ಯಾವುದು, ಎದುರಿಗೆ ಯಾರಿದ್ದಾರೆ ಎಂದು ಲೆಕ್ಕ ಹಾಕಿ ಅವ್ವನ ಹಳೆಯ ದನಿಯಲ್ಲಿ ಅದು ಮಾತಾಡುತ್ತಿತ್ತು. ಮೊದಲ ದಿನ “ರೋಹಿಣೀ, ಬಂದ್ಯಾ?” ಎಂದು ಆ ದನಿ ಕರೆದಾಗ ಅವಳು ಅಡುಗೆಮನೆಗೆ ಹೋಗಿ ಅತ್ತಿದ್ದಳು.

ಮರುದಿನ ಬೆಳಿಗ್ಗೆ ಹಲಗೆ ಚಾರ್ಜ್ ಆಗಿರಲಿಲ್ಲ. ಗಂಜಿಯ ಬಟ್ಟಲು ಹಿಡಿದು ಬಂದ ರೋಹಿಣಿ ಸುಮ್ಮನೆ ಕೇಳಿದಳು, “ಏನ್ ತಿಂತೀ ಅವ್ವಾ?”

ಅವ್ವ ಬಟ್ಟಲು ನೋಡಿದಳು. ತಲೆ ಅಲ್ಲಾಡಿಸಿದಳು. ಎಡಗೈಯನ್ನು ಹಾಸಿಗೆಯ ಮೇಲೆ ತಟ್ಟತೊಡಗಿದಳು. ತಟ್ಟಿ, ತಿರುಗಿಸಿ, ಮತ್ತೆ ತಟ್ಟಿದಳು. ರೋಹಿಣಿಗೆ ತಿಳಿಯಲು ನಿಮಿಷವೇ ಹಿಡಿಯಿತು.

“ರೊಟ್ಟಿ? ರೊಟ್ಟಿ ಬೇಕೇನು? ಮತ್ತ ದಿನಾ ಗಂಜಿ ಬೇಕು ಅಂತಿದ್ದೆಲ್ಲ?”

ಅವ್ವ ಬೆರಳನ್ನು ಹಲಗೆಯ ಕಡೆ ಮಾಡಿದಳು. “ಅದು... ಅಂತು.”

“ಅದು ಅಂದ್ರ ನೀ ಬ್ಯಾಡ ಅನ್ನಬೇಕಿಲ್ಲೋ? ತಲಿ ಅಲ್ಲಾಡಿಸಿದ್ರೂ ತಿಳೀತಿತ್ತಲ್ಲ.”

ಅವ್ವನ ತುಟಿ ಬಹಳ ಹೊತ್ತು ನಡುಗಿತು. ಕೊನೆಗೆ ಎರಡು ಶಬ್ದ ಹೊರಬಂದವು. “ನಂದ... ದನಿ.”

ರೋಹಿಣಿ ಬಟ್ಟಲು ಕೆಳಗಿಟ್ಟಳು. ಬೇರೆಯವರು ಹೇಳಿದ್ದನ್ನು ಅಲ್ಲ ಎನ್ನಬಹುದು. ತನ್ನದೇ ದನಿ ಹೇಳಿಬಿಟ್ಟಿದ್ದನ್ನು ಅಲ್ಲ ಎನ್ನುವುದು ಹೇಗೆ? ಅವ್ವ ಎರಡು ವರ್ಷ ಗಂಜಿ ಕುಡಿದಿದ್ದಳು. ಅನುವಾಣಿಯ ಕಡತದಲ್ಲಿ ಅದು ಪ್ರತಿದಿನವೂ ಸರಿಯಾದ ಉತ್ತರವೆಂದೇ ದಾಖಲಾಗಿರುತ್ತದೆ.

ಅಂದು ರೊಟ್ಟಿ ಬಡಿದು, ಹಾಲಿನಲ್ಲಿ ನೆನೆಸಿ ತಿನ್ನಿಸಿದಳು. ಹಲಗೆಯನ್ನು ಎಸೆಯಲಿಲ್ಲ. ಅದರ ಒಳಗಿನ ಒಂದು ಕಟ್ಟಳೆಯನ್ನು ಬದಲಾಯಿಸಿದಳು. ಇನ್ನು ಮುಂದೆ ಅದು ತಾನಾಗಿ ಮಾತಾಡಬಾರದು. ಮೂರು ಮಾತನ್ನು ಬರೆದು ತೋರಿಸಬೇಕು, ನಾಲ್ಕನೆಯದಾಗಿ ‘ಇದ್ಯಾವುದೂ ಅಲ್ಲ’ ಎಂದಿರಬೇಕು, ಅವ್ವ ಬೆರಳಿಟ್ಟ ಮೇಲಷ್ಟೇ ದನಿ ಬರಬೇಕು. ಮೊದಲ ದಿನ ಅವ್ವ ಹನ್ನೊಂದು ಸಲ ನಾಲ್ಕನೆಯದನ್ನೇ ಒತ್ತಿದಳು.

ಕಾಲೇಜಿಗೆ ನಡೆಯುವಾಗ ರೋಹಿಣಿಗೆ ಪ್ರಾಚಾರ್ಯರ ಪತ್ರದಲ್ಲಿ ಸರಿ ಬಾರದ್ದು ಯಾವುದೆಂದು ಸ್ಪಷ್ಟವಾಯಿತು. ಆ ನೂರು ಮಂದಿಯನ್ನು ಕೇಳಿದ್ದು ಟಿ.ವಿ.ಯಲ್ಲಿ ತಮ್ಮ ದನಿ ಕೇಳಿದ ಮೇಲೆ. ಮೊದಲೇ ಕೇಳಿದ್ದರೆ?

ಆ ವಾರ ಊರಿನಲ್ಲಿ ಒಂದೇ ಮಾತು ನಡೆದಿತ್ತು. ನೇಕಾರ ಓಣಿಯ ನೂರಾ ನಲವತ್ತೆಂಟು ಮನೆಗಳಲ್ಲಿ ರವಿಕೆಯ ಖಣ ನೇಯುವ ಕೈಮಗ್ಗಗಳಿದ್ದವು. ಅವನ್ನೆಲ್ಲ ಎತ್ತಿ, ಹೆದ್ದಾರಿಯ ಆಚೆ ಕಟ್ಟುವ ಒಂದು ದೊಡ್ಡ ಕಟ್ಟಡಕ್ಕೆ ಸಾಗಿಸುವ ಯೋಜನೆ ಬಂದಿತ್ತು. ಮುಂದಿನ ಗುರುವಾರ ಸೀಮೆವಾರ್ತೆ ಆ ಮನೆಗಳವರ ಸಂಭಾವ್ಯ ಹೇಳಿಕೆಗಳನ್ನು ಬಿತ್ತರಿಸುವುದಿತ್ತು. ಶನಿವಾರ ಬಹಿರಂಗ ವಿಚಾರಣೆ. ಹೇಳಿಕೆಗಳನ್ನೇ ಒಪ್ಪಿಗೆಯ ದಾಖಲೆಯಾಗಿ ಇಡುತ್ತಾರೆಂದು ಸುದ್ದಿ.

ರೋಹಿಣಿ ಅಂತಿಮ ವರ್ಷದ ಹದಿನಾರು ವಿದ್ಯಾರ್ಥಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ ವಿಷಯ ಬಿಡಿಸಿ ಹೇಳಿದಳು.

“ಮೊದಲು ಯಂತ್ರಾನ ಕೇಳೂಣು. ನೂರಾ ನಲವತ್ತೆಂಟೂ ಮನಿ ಉತ್ತರ ತಗೊಂಡು, ಯಾರೂ ಓದದಂಗ ಲಕೋಟಿಗೆ ಹಾಕಿ ಅಂಟಿಸಿ, ಗ್ರಂಥಾಲಯದ ಕಪಾಟಿನ್ಯಾಗ ಇಡೂಣು. ಆಮೇಲೆ ಚೀಟಿ ಎತ್ತಿ ಅರ್ಧಾ ಮನಿ ಆರಸೂಣು. ಆ ಎಪ್ಪತ್ನಾಕು ಮನಿಗೆ ಗುರುವಾರದೊಳಗ ಹೋಗಿ ಕೇಳ್ರಿ. ಉಳದ ಎಪ್ಪತ್ನಾಕಕ್ಕ ಶುಕ್ರವಾರ, ಟಿವ್ಯಾಗ ಬಂದಮ್ಯಾಲ. ಪ್ರಶ್ನೆ ಒಂದ: ಮಗ್ಗ ತಗೊಂಡು ಹೋಗ್ತೀರೋ, ಇಲ್ಲೋ, ಯಾಕ?”

ಮುಂದಿನ ಸಾಲಿನ ಫಿರ್ದೋಸ್ ಬಾಗವಾನ ಕೇಳಿದಳು. “ರೆಕಾರ್ಡ್ ಮಾಡಿದ್ದನ್ನ ಬರೀಲಿಕ್ಕೆ ಯಂತ್ರ ಬಳಸಬಹುದೇನ್ರಿ ಮೇಡಮ್?”

“ಬಳಸ್ರಿ. ಆದ್ರ ಕಿವಿ ಹಚ್ಚಿ ಇನ್ನೊಮ್ಮೆ ಕೇಳಿ ತಿದ್ದ್ರಿ. ಚೀಟ್ಯಾಗ ಬರೀರಿ.”

ಕಿಟಕಿ ಪಕ್ಕದಲ್ಲಿ ಕೂತಿದ್ದ ಚಿದಾನಂದ ಎಂಬ ಜಾಣ ಹುಡುಗ ನಕ್ಕ. “ಮೇಡಮ್, ಉತ್ತರ ಲಕೋಟ್ಯಾಗ ಐತಿ. ಮತ್ತ ಕೇಳಾಕ ಹೋಗೂದು ಅಂದ್ರ...”

“ಲಕೋಟ್ಯಾಗ ಇರೂದು ಉತ್ತರ ಅಲ್ಲಪ, ಊಹೆ. ಊಹೆ ಮಾಡೂದು ತಪ್ಪಲ್ಲ. ಊಹೆಗೆ ಇನ್ನೊಬ್ಬರ ಹೆಸರು ಇಡೂದು ತಪ್ಪು.”

ಮಂಗಳವಾರ ಅವಳೂ ಫಿರ್ದೋಸಳ ಜೊತೆ ಓಣಿಗೆ ಹೋದಳು. ತಿಪ್ಪವ್ವ ಅರುಟಗಿಯ ಮನೆಯಲ್ಲಿ ಮಗ್ಗ ನಡೆದಿತ್ತು. ಐವತ್ತರ ಹೆಂಗಸು, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುತ್ತಿದ್ದಳು. ಪಕ್ಕದಲ್ಲಿ ಅವಳ ತಂಗಿ ಮಾಳವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಚಾವಣಿಯಲ್ಲಿ ಸೋರಿದ ಕಲೆಗಳಿದ್ದವು.

ಫಿರ್ದೋಸ್ ಪ್ರಶ್ನೆ ಕೇಳಿದಳು. ತಿಪ್ಪವ್ವ ಹತ್ತೆಂಟು ಎಳೆ ನೇಯ್ದ ಮೇಲೆ ಬಾಯಿಬಿಟ್ಟಳು.

“ಕಟ್ಟಡ ಚಲೋನ ಐತೇಳ ತಂಗಿ. ಇಲ್ಲಿ ಮಳಿ ಬಂದ್ರ ಹಾಸಿನ ನೂಲು ತೊಯ್ತೈತಿ. ಆದ್ರ ನಾ ಹೋಗಂಗಿಲ್ಲ.” ತಂಗಿಯ ಕಡೆ ಕಣ್ಣು ಮಾಡಿ ದನಿ ತಗ್ಗಿಸಿದಳು. “ಇಕೀಗಿ ಮೂರ್ಛೆ ಬರ್ತೈತಿ. ಯಾವಾಗ ಬರ್ತೈತಿ ಅಂತ ಹೇಳಾಕ ಬರಂಗಿಲ್ಲ. ಮಗ್ಗದ ಮುಂದ ಕಣ್ಣಿಗೆ ಬೀಳಂಗ ಇರ್ತಾಳ, ಅದಕ್ಕ ನಾನೂ ನೇಯ್ತೀನಿ, ಅಕೀನೂ ಬದಕ್ಯಾಳ. ಹೆದ್ದಾರಿ ದಾಟಿ ಇಕೀನ್ನ ಹ್ಯಾಂಗ್ ಕರ್ಕೊಂಡ್ ಹೋಗ್ಲಿ?”

“ಇದನ್ನ ಮೊದಲ ಯಾರ ಮುಂದರ ಹೇಳಿದ್ರೇನ್ರಿ?” ರೋಹಿಣಿ ಕೇಳಿದಳು.

“ಯಾರ ಮುಂದ ಹೇಳೂದ್ರಿ ಬಾಯಾರ? ಹೆಣ್ಣುಮಗಳ ಮಾತು. ಫೋನಿನ್ಯಾಗ ಆಡೂ ಮಾತೇನು?”

ಗುರುವಾರ ಸಂಜೆ ತಿಪ್ಪವ್ವ ಟಿ.ವಿ.ಯಲ್ಲಿ ಬಂದಳು. ಇಳಕಲ್ಲ ಸೀರೆ ಉಟ್ಟು, ಹಸನಾಗಿ ತಲೆ ಬಾಚಿಕೊಂಡು, “ನಮ್ಮ ಮನಿ ಸೋರ್ತೈತ್ರಿ. ಹೊಸಾ ಕಟ್ಟಡ ಆದ್ರ ನಾವು ಖುಷಿಲೆ ಹೋಗ್ತೀವಿ,” ಎಂದಳು. ಸಹಾಯವಾಣಿಗೆ ಅವಳು ನಾಲ್ಕು ಮಳೆಗಾಲ ಸೋರುವ ಮನೆಯ ದೂರು ಕೊಟ್ಟಿದ್ದಳು. ಅನುವಾಣಿಗೆ ಗೊತ್ತಿದ್ದದ್ದು ಅಷ್ಟೇ.

ಶುಕ್ರವಾರ ಎರಡನೆಯ ಸರದಿಯ ಮನೆಗಳಿಗೆ ಹೊರಟ ಫಿರ್ದೋಸಳಿಗೆ ನೀರಿನ ನಳದ ಹತ್ತಿರ ತಿಪ್ಪವ್ವ ಸಿಕ್ಕಳು. ಮಧ್ಯಾಹ್ನ ಕಾಲೇಜಿಗೆ ಮರಳಿದ ಹುಡುಗಿಯ ಮುಖ ಬಾಡಿತ್ತು.

“ಮೇಡಮ್, ನಾಳೆ ವಿಚಾರಣೆಗೆ ಬಂದು ಹೇಳ್ರಿ ಅಂದ್ನಿ. ಏನಂದ್ಲು ಗೊತ್ತೇನ್ರಿ? ‘ಹೋಗ್ತೀನಿ ಅಂತ ಊರ ಮುಂದ ಅಂದೀನಲ್ಲವ್ವಾ, ಇನ್ನ ಹ್ಯಾಂಗ್ ಹಿಂದ ಸರೀಲಿ? ಮಾತಿಗೆ ತಪ್ಪಿದಂಗ ಆಕ್ಕೈತಿ’ ಅಂದ್ಲ್ರಿ. ಅಕಿ ಅಂದೇ ಇಲ್ಲಲ್ರಿ ಮೇಡಮ್!”

ರೋಹಿಣಿ ಲಕೋಟೆಗಳನ್ನು ತರಿಸಿದಳು. ಮೂರು ಗಂಟೆಗೆ ಎಲ್ಲರ ಎದುರು ಒಡೆದರು. ಒಂದೊಂದು ಮನೆಯ ಉತ್ತರವನ್ನೂ ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆ ಇದೆಯೋ ಇಲ್ಲವೋ ಬರೆಯಬೇಕು. ಮೊದಲ ಸರದಿಯ ಅರ್ಧ ಮುಗಿಯುವಷ್ಟರಲ್ಲಿ ಅವಳ ಕೈ ನಿಂತಿತು. ಆರು ಮನೆಗಳ ಉತ್ತರ ಲಕೋಟೆಯೊಳಗಿನ ಮಾತಿಗೆ ಅಕ್ಷರಕ್ಕೆ ಅಕ್ಷರ ಹೊಂದುತ್ತಿತ್ತು, ‘ಮತ್ತ’ ಎಂದು ತಡವರಿಸಿದ ಜಾಗವೂ ಸೇರಿ. ಆರೂ ಚಿದಾನಂದನವು.

ಅವನನ್ನು ಹೊರಗೆ ವರಾಂಡಕ್ಕೆ ಕರೆದಳು. “ಈ ಆರು ಮನಿ?”

ಅವನು ಗೋಡೆ ನೋಡಿದ. “ಎರಡು ಮನಿ ಕೀಲಿ ಹಾಕಿತ್ರಿ. ಉಳದ ನಾಕಕ್ಕ ನಾ ಹೋಗ್ಲಿಲ್ರಿ ಮೇಡಮ್. ಭಾಳ ಬಿಸಿಲಿತ್ತು. ಪ್ರಯೋಗಾಲಯದಾಗ ಕೂತು ಅನುವಾಣಿ ಕೇಳಿ ಬರದ್ನಿ. ಹೆಂಗೂ ಅದನ್ನ ಅಂತಾರ ಅಂತ...”

ಅವಳಿಗೆ ಸಿಟ್ಟು ಬಂದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಮೂರು ವರ್ಷ ತಾನು ಹೇಳಿದ ಪಾಠ ಒಂದು ಮಧ್ಯಾಹ್ನದ ಬಿಸಿಲಿಗೆ ಕರಗಿಹೋಯಿತಲ್ಲ ಎಂಬ ನೋವಾಯಿತು. “ಆ ಆರೂ ಮನಿ ಲೆಕ್ಕದಿಂದ ಹೋದವು. ಯಾಕ ಹೋದವು ಅನ್ನೂದನ್ನ ನಾಳೆ ವಿಚಾರಣ್ಯಾಗ ಹೇಳಬೇಕು. ನಾ ಹೇಳ್ಲೋ, ನೀ ಹೇಳ್ತಿಯೋ?”

“ಎಲ್ಲಾರ ಮುಂದೇನ್ರಿ?”

“ನೀ ಅವರ ಹೆಸರು ಎಲ್ಲಾರ ಮುಂದ ಇಡಾಕ ಹೊಂಟಿದ್ದೆಪ.”

ಎಣಿಕೆ ಮುಗಿದಾಗ ಕಪ್ಪುಹಲಗೆಯ ಮೇಲೆ ಎರಡು ಸಾಲು ಉಳಿದವು. ಟಿ.ವಿ.ಗಿಂತ ಮೊದಲು ಕೇಳಿದ ಅರವತ್ತೆಂಟು ಮನೆಗಳಲ್ಲಿ ಯಂತ್ರದ ಊಹೆಗೆ ಹೊಂದಿದ್ದು ಮೂವತ್ತೇಳು. ಟಿ.ವಿ.ಯ ನಂತರ ಕೇಳಿದ ಎಪ್ಪತ್ನಾಲ್ಕರಲ್ಲಿ ಹೊಂದಿದ್ದು ಎಪ್ಪತ್ತೊಂದು.

“ಮೊದಲನೇದು ನಾಣ್ಯಾ ಹಾರಿಸಿ ಚಿತ್ತೋ ಪಟ್ಟೋ ಆಡಿದ್ರೂ ಬರ್ತಿತ್ತಲ್ರೀ ಮೇಡಮ್,” ಫಿರ್ದೋಸ್ ಮೆಲ್ಲಗೆ ಹೇಳಿದಳು. “ಹಂಗಾದ್ರ ಯಂತ್ರ ಜನರನ್ನ ತಿಳಕೊಂಡಿಲ್ಲ. ಜನಾನ ಯಂತ್ರ ಹೇಳಿದಂಗ ಆಗ್ಯಾರ.”

ರೋಹಿಣಿ ಎರಡೂ ಸಾಲನ್ನು ಕಾಗದಕ್ಕೆ ಇಳಿಸಿಕೊಂಡಳು.

ಸಂಜೆ ರೋಹಿಣಿ ಅಂಕಿಗಳನ್ನು ಪ್ರಾಚಾರ್ಯರ ಮುಂದಿಟ್ಟಳು. ಅವರು ಎರಡು ಸಲ ಓದಿ ಕನ್ನಡಕ ತೆಗೆದರು. “ಇದು ದೊಡ್ಡ ವಿಷಯ ಮೇಡಮ್. ಆದ್ರ ಆ ಆರು ಮನಿ ಸುದ್ದಿ ಯಾಕ ಎತ್ತತೀರಿ? ಸುಮ್ಮನ ತೆಗದ್ ಬಿಡ್ರಿ. ಅದನ್ನ ಹಿಡಕೊಂಡು ವಾಹಿನಿಯವರು ನಮ್ಮ ಕಾಲೇಜಿನ ಮಾನ ಹರಾಜ ಹಾಕ್ತಾರ.”

“ಹಾಕ್ಲಿ ಸರ್. ಯಂತ್ರ ಎಲ್ಲಿ ಬಳಸೀವಿ ಅನ್ನೂದನ್ನ ಮುಚ್ಚಿಟ್ಟು, ಅವರು ಮುಚ್ಚಿಟ್ಟಾರ ಅಂತ ಹ್ಯಾಂಗ್ ಕೇಳಲಿ?”

“ಪೇಪರ್ ಅಂತೂ ಹೋಗ್ತದ. ನಿಮ್ಮ ಹೆಸರೂ ಹೋಗಬಾರದು ಅಂತ ಹೇಳಿದ್ನಿ.”

“ಹೆಸರು ಹೋದ್ರ ನಂದ ಹೋಗ್ತೈತ್ರಿ. ಅಲ್ಲಿ ನೂರಾ ನಲವತ್ತೆಂಟು ಮನಿ ಮಾತು ಹೊಂಟೈತಿ,” ಎಂದು ಅವಳು ಎದ್ದಳು.

ಶನಿವಾರ ಪುರಭವನ ತುಂಬಿತ್ತು. ವಿಚಾರಣೆಯ ಅಧಿಕಾರಿ ನಡುವಯಸ್ಸಿನ ಹೆಂಗಸು, ಕಡಿಮೆ ಮಾತಿನವರು. ಸೀಮೆವಾರ್ತೆಯ ಪ್ರತಿನಿಧಿ ಮೊದಲು ಎದ್ದು ನೂರಾ ಇಪ್ಪತ್ತಾರು ಮನೆಗಳ ಸಂಭಾವ್ಯ ಒಪ್ಪಿಗೆ ಇದೆಯೆಂದ. ಆಮೇಲೆ ರೋಹಿಣಿ ತನ್ನ ಎರಡು ಸಾಲು ಓದಿದಳು. ಓದಿ, “ಮೊದಲ ಸರದಿಯೊಳಗ ಆರು ಮನಿ ಕಡಿಮಿ ಅದಾವು. ಅದರ ಕಾರಣ ನನ್ನ ವಿದ್ಯಾರ್ಥಿ ಹೇಳ್ತಾನ,” ಎಂದು ಪಕ್ಕಕ್ಕೆ ಸರಿದಳು.

ಅವನು ಏಳುತ್ತಾನೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಚಿದಾನಂದ ಎದ್ದ. ಮೈಕಿನ ಹತ್ತಿರ ಬರುವಾಗ ಕುರ್ಚಿಗೆ ಕಾಲು ತಾಗಿಸಿಕೊಂಡ.

“ಆರು ಮನೀದು ನಾ ಯಂತ್ರದಿಂದ ಬರದ್ನಿ,” ಎಂದ. “ಕೇಳಾಕ ಹೋಗ್ಲಿಲ್ಲ. ಅವರು ಏನಂತಾರ ನನಗ ಗೊತ್ತೈತಿ ಅಂತ ತಿಳದಿದ್ನಿ. ನಿನ್ನೆ ಸಂಜಿಕ ಆ ಆರೂ ಮನಿಗೆ ಹೋಗಿದ್ನ್ರಿ, ತಪ್ಪಾತು ಅಂತ ಹೇಳಾಕ. ಒಬ್ಬ ಅಜ್ಜ, ‘ನನ್ನ ಏನೂ ಕೇಳದ ನನ್ನ ಮಾತು ಹ್ಯಾಂಗ್ ಬರದಿ?’ ಅಂದರ್ರಿ.”

ವಾಹಿನಿಯ ಪ್ರತಿನಿಧಿ ತಟ್ಟನೆ ಎದ್ದ. “ನೋಡಿ ಮೇಡಮ್, ಇವರ ಹುಡುಗರೇ ಸುಳ್ಳು ಬರೆದಿದ್ದಾರೆ. ಇನ್ನು ಈ ಸಮೀಕ್ಷೆಗೆ ಏನು ಬೆಲೆ?”

ಅಧಿಕಾರಿ ಅವನ ಕಡೆ ತಿರುಗಿದರು. “ಅವರು ಆರು ಅಂತ ಎಣಿಸಿ ಹೇಳಿದ್ದಾರೆ. ನೀವು ಕೇಳದೆ ಬರೆದದ್ದು ಎಷ್ಟು ಮನೆ?”

ಅವನು ಕಡತ ಮಗುಚಿದ. “ನಮ್ಮದು... ನಮ್ಮ ಪದ್ಧತಿಯೇ ಬೇರೆ.”

“ಎಷ್ಟು?”

“ಎಲ್ಲವೂ,” ಎಂದ.

ಸಭೆ ಗುಜುಗುಟ್ಟಿತು. ಅಧಿಕಾರಿ ಪಟ್ಟಿ ನೋಡಿ ಒಂದು ಹೆಸರು ಓದಿದರು. “ತಿಪ್ಪವ್ವ ಅರುಟಗಿ ಬಂದಿದ್ದಾರೇನು?”

ಹಿಂದಿನ ಸಾಲಿನಲ್ಲಿ ತಿಪ್ಪವ್ವ ಎದ್ದು ನಿಂತಳು. ತಂಗಿಯ ಕೈ ಹಿಡಿದಿದ್ದಳು. “ಹೋಗ್ತೀನಿ ಅಂದೀನ್ರಿ,” ಎಂದು ನೆಲ ನೋಡುತ್ತ ಹೇಳಿದಳು.

ರೋಹಿಣಿಗೆ ಆ ಹೆಂಗಸಿನ ಮನದ ಮಾತು ಗೊತ್ತಿತ್ತು, ಕಡತದಲ್ಲಿತ್ತು. ಈಗ ಎದ್ದು ಹೇಳಿಬಿಡಬಹುದಿತ್ತು. ಆದರೆ ಹಾಗೆ ಹೇಳಿದರೆ ತಾನೂ ಅವಳ ಬಾಯಿಂದ ಮಾತು ಕಿತ್ತುಕೊಂಡಂತೆ. ಜೊತೆಗೆ ಅದು ಅವಳು ದನಿ ತಗ್ಗಿಸಿ ಆಡಿದ ಮಾತು. ಅವಳು ಏಳಲಿಲ್ಲ. ಪಕ್ಕದಲ್ಲಿ ಫಿರ್ದೋಸ್ ಚಡಪಡಿಸಿದಾಗ ಅವಳ ಮೊಣಕೈ ಹಿಡಿದಳು.

“ಅದು ಗುರುವಾರ ಟಿ.ವಿ.ಯಲ್ಲಿ ಬಂದದ್ದು, ತಾಯಿ,” ಅಧಿಕಾರಿ ಹೇಳಿದರು. “ಅದು ನಿಮ್ಮನ್ನ ಕೇಳಿ ಮಾಡಿದ್ದಲ್ಲ. ಅದರಿಂದ ನೀವು ಮಾತು ಕೊಟ್ಟಂಗೆ ಆಗೋದಿಲ್ಲ. ಈಗ ನಾನು ಕೇಳ್ತಿದ್ದೇನೆ. ಅವಸರ ಇಲ್ಲ.”

ಸಭೆ ಕಾಯಿತು. ಒಂದು ನಿಮಿಷ ಹೋಯಿತು, ಎರಡಾಯಿತು. ತಿಪ್ಪವ್ವ ತಂಗಿಯನ್ನೊಮ್ಮೆ ನೋಡಿ, ತಲೆ ಎತ್ತಿದಳು.

“ಹಂಗಾದ್ರ, ನಾ ಒಲ್ಲೆ,” ಎಂದಳು. “ಕಾರಣಾ ನಿಮ್ಮ ಒಬ್ಬರ ಮುಂದ ಹೇಳ್ತೀನ್ರಿ, ಈ ಮಂದಿ ಮುಂದ ಅಲ್ಲ.”

“ಆಯ್ತು,” ಎಂದು ಅಧಿಕಾರಿ ಬರೆದುಕೊಂಡರು.

ಆಮೇಲೆ ಒಬ್ಬೊಬ್ಬರಾಗಿ ಏಳತೊಡಗಿದರು. ಕೆಲವರು ಹೋಗುತ್ತೇವೆಂದರು, ಮನಃಪೂರ್ವಕ ಅಂದರು. ಕೆಲವರು ಒಲ್ಲೆವೆಂದರು. ಬಹಳ ಜನ ‘ಹೋಗ್ತೀವಿ, ಆದ್ರ’ ಎಂದು ಶುರುಮಾಡಿ ದೊಡ್ಡ ಕತೆ ಹೇಳಿದರು. ಒಂದು ಗಂಟೆಗೆ ಮುಗಿಯಬೇಕಾಗಿದ್ದ ವಿಚಾರಣೆ ಮೂರಾದರೂ ಮುಗಿಯಲಿಲ್ಲ. ಕೊನೆಗೆ ಅಧಿಕಾರಿ ಸಂಭಾವ್ಯ ಹೇಳಿಕೆಗಳನ್ನು ದಾಖಲೆಯಿಂದ ತೆಗೆಸಿ, ಹದಿನೈದು ದಿನದಲ್ಲಿ ಪ್ರತಿ ಮನೆಗೂ ಹೋಗಿ ಕೇಳಿ ಬರೆದು ತರಬೇಕೆಂದು ಆದೇಶ ಬರೆಸಿದರು. ಸಿಬ್ಬಂದಿ ಸಾಲದ್ದರಿಂದ ಕಾಲೇಜಿನ ನೆರವು ಕೇಳಿದರು.

ಸೀಮೆವಾರ್ತೆ ಮುಂದಿನ ಗುರುವಾರವೂ ಬಂತು, ಜನ ನೋಡಿದರು. ಪಠ್ಯಕ್ರಮ ಸಮಿತಿ ಕ್ಷೇತ್ರ ವರದಿಯನ್ನು ಒಂದು ವರ್ಷದ ಮಟ್ಟಿಗೆ ಉಳಿಸಿತು, ‘ಮರುಪರಿಶೀಲನೆಗೆ ಒಳಪಟ್ಟು’ ಎಂದು. ಪ್ರಾಚಾರ್ಯರು ಆ ಪತ್ರ ಕೊಡುತ್ತ, “ಒಂದ ವರ್ಷ ಮೇಡಮ್,” ಎಂದರು. “ಒಂದು ವರ್ಷದಾಗ ಭಾಳ ಮನಿಗೆ ಹೋಗಬಹುದ್ರಿ ಸರ್,” ಎಂದು ರೋಹಿಣಿ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ವಿಚಾರಣೆ ಮುಗಿದ ಸೋಮವಾರವೇ ಹದಿನಾರು ಜನರೂ ಓಣಿಗೆ ಹೊರಟರು. ಮೊದಲ ಮನೆಯನ್ನು ಚಿದಾನಂದನೇ ಕೇಳಿ ತೆಗೆದುಕೊಂಡ. ಅದು ಅವನನ್ನು ಬೈದ ಅಜ್ಜನ ಮನೆ. ರೋಹಿಣಿ ಬಾಗಿಲಾಚೆ ನಿಂತು ನೋಡಿದಳು. ಅಜ್ಜ ಮಗ್ಗದಿಂದ ಏಳಲಿಲ್ಲ.

“ಟಿವ್ಯಾಗ ನಾ ಏನ್ ಹೇಳೀನಿ, ಅದನ್ನ ಮೊದಲ ಹೇಳ,” ಎಂದ.

“ಅದು ಬ್ಯಾಡ್ರಿ ಅಜ್ಜಾರ. ನೀವು ಏನಂತೀರಿ ಅದನ್ನ ಹೇಳ್ರಿ.”

“ನನಗಿನ್ನೂ ತಿಳಿದಿಲ್ಲಪ. ವಿಚಾರ ಮಾಡಬೇಕು.”

“ಮಾಡ್ರಿ,” ಎಂದು ಚಿದಾನಂದ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ವಹಿ ತೆರೆದ, ಪೆನ್ನು ಮಾತ್ರ ಮುಚ್ಚಿಯೇ ಇಟ್ಟ. “ನಾ ಕೂತಿರ್ತೀನಿ.”

ಲಾಳಿ ಆ ಕಡೆಯಿಂದ ಈ ಕಡೆ ಓಡತೊಡಗಿತು. ರೋಹಿಣಿ ಸ್ವಲ್ಪ ಹೊತ್ತು ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಲ್ಲಿ ಮುಂದಿನ ಮನೆಯ ಕಡೆ ನಡೆದಳು.